ಹಳೆ ಸುದ್ದಿ ಹೊಸ ದಿನಾಂಕದೊಂದಿಗೆ ಬರುವುದೇಕೆ? ಲಿಂಕ್ ತೆರೆಯದಿದ್ದರೆ ‘ಡಿಲೀಟ್ ಮಾಡಿಸಿದ್ದಾರೆ’ ಎಂದರ್ಥವೇ?

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಬಗ್ಗೆ ನಿಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಲಿಂಕ್ ಬಂತು ಎಂದುಕೊಳ್ಳಿ. ‘ಕಾವಲ್ ಜಮೀನು: ಹಸಿರು ನ್ಯಾಯಮಂಡಳಿಯಿಂದ ಸತ್ಯಶೋಧನಾ ಸಮಿತಿ ನೇಮಕ’ ಎಂಬ ಶೀರ್ಷಿಕೆ. ಒತ್ತಿದರೆ ಪುಟ ಚೆನ್ನಾಗಿಯೇ ತೆರೆಯುತ್ತದೆ. ವಿನ್ಯಾಸ ಹೊಸದು, ದಿನಾಂಕ ಕಳೆದ ವಾರದ್ದು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಅದೇ ವಿಷಯದ ಬೇರೊಂದು ಲಿಂಕ್ ಹಾಕುತ್ತಾರೆ. ಅದನ್ನು ಒತ್ತಿದರೆ ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ. ಕೂಡಲೇ ಗುಂಪಿನಲ್ಲಿ ಮಾತು ಶುರು: ‘ಸುದ್ದಿ ಡಿಲೀಟ್ ಮಾಡಿಸಿದ್ದಾರೆ, ಬೇಗ ಶೇರ್ ಮಾಡಿ!’

ಮೊದಲನೆಯದು ಹೊಸ ಸುದ್ದಿ, ಎರಡನೆಯದು ಯಾರೋ ಮುಚ್ಚಿಟ್ಟ ಸುದ್ದಿ ಎಂಬ ಎರಡೂ ತೀರ್ಮಾನ ತಪ್ಪಾಗಿರಬಹುದು. ಹೇಗೆಂದು ನೋಡೋಣ.

ಸುದ್ದಿ ನಿಜ, ಕಾಲ ಬೇರೆ

ಅಮೃತ ಮಹಲ್ ತಳಿಯ ದನಗಳಿಗೆಂದು ಮೈಸೂರು ಅರಸರ ಕಾಲದಿಂದ ಉಳಿದು ಬಂದ ಹುಲ್ಲುಗಾವಲುಗಳೇ ಕಾವಲ್‌ಗಳು. ಚಳ್ಳಕೆರೆ ಸುತ್ತಿನ ಇಂಥ ಸುಮಾರು 10,000 ಎಕರೆ ಜಮೀನನ್ನು ಡಿಆರ್‌ಡಿಒ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳಿಗೆ ಕೊಡಲಾಯಿತು. ಉಳ್ಳಾರ್ತಿ ಕಾವಲಿನ ಜಮೀನು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಇದರ ವಿರುದ್ಧದ ಅರ್ಜಿ ಹಸಿರು ನ್ಯಾಯಮಂಡಳಿಗೆ ಹೋಗಿ, 2013ರಲ್ಲಿ ಸತ್ಯಶೋಧನಾ ಸಮಿತಿ ನೇಮಕವಾದದ್ದು ನಿಜ. ಆದರೆ ನ್ಯಾಯಮಂಡಳಿಯ ತೀರ್ಪು 2014ರ ಆಗಸ್ಟ್‌ನಲ್ಲೇ ಬಂದಿದೆ. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಗಿದೆ. ಇಸ್ರೋ ತನ್ನ ‘ಪುಷ್ಪಕ್’ ವಾಹನವನ್ನು 2023 ಮತ್ತು 2024ರಲ್ಲಿ ಇಳಿಸಿ ಪರೀಕ್ಷಿಸಿದ್ದು ಅಲ್ಲಿಯೇ.

ಅಂದರೆ 2013ರ ಆ ಸುದ್ದಿ ಸುಳ್ಳಲ್ಲ, ಅದರ ಕಾಲ ಮುಗಿದಿದೆ. ಆದರೆ ದನ, ಕುರಿ ನಂಬಿ ಬದುಕುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಸಮಿತಿ ಈಗ ಬರುತ್ತದೆಂದು ನಂಬಿದವರು ಕೂಲಿ ಬಿಟ್ಟು, ಕಾಗದಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ.

ಥೀಮ್ ಬದಲಾದರೆ ದಿನಾಂಕವೂ ಬದಲಾಗುತ್ತದೆಯೇ?

ವೆಬ್‌ಸೈಟಿನ ಬರಹ ಒಂದು ಕಡೆ ಇರುತ್ತದೆ, ಅದು ತೆರೆಯ ಮೇಲೆ ಹೇಗೆ ಕಾಣಬೇಕೆಂಬ ವಿನ್ಯಾಸ ಇನ್ನೊಂದು ಕಡೆ. ಈ ವಿನ್ಯಾಸವೇ ಥೀಮ್. ಹಳೆ ಮನೆಗೆ ಹೊಸ ಬಣ್ಣ ಬಳಿದ ಹಾಗೆ, ಥೀಮ್ ಬದಲಿಸಿದರೆ ಹತ್ತು ವರ್ಷದ ಹಿಂದಿನ ಬರಹವೂ ಇವತ್ತಿನದರಂತೆ ಕಾಣುತ್ತದೆ.

ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಯಲ್ಲಿ ಪ್ರತಿ ಬರಹಕ್ಕೆ ಎರಡು ದಿನಾಂಕ ಇರುತ್ತವೆ: ಪ್ರಕಟವಾದದ್ದು ಮತ್ತು ಕೊನೆಯ ಬಾರಿ ತಿದ್ದಿದ್ದು. ಯಾವುದನ್ನು ತೋರಿಸಬೇಕೆಂದು ನಿರ್ಧರಿಸುವುದು ಥೀಮ್. ಹಳೆ ಥೀಮ್ ಪ್ರಕಟವಾದ ದಿನವನ್ನು ತೋರಿಸುತ್ತಿದ್ದು, ಹೊಸದು ತಿದ್ದಿದ ದಿನವನ್ನು ತೋರಿಸಿದರೆ ಕಥೆ ಮುಗಿಯಿತು. ಯಾರೋ ಒಂದು ಕಾಗುಣಿತ ಸರಿಪಡಿಸಿದ್ದರೂ 2013ರ ಸುದ್ದಿಗೆ ಕಳೆದ ವಾರದ ದಿನಾಂಕ ಬೀಳುತ್ತದೆ.

ಇನ್ನೂ ಒಂದು ಗೊಂದಲವಿದೆ. ಕೆಲವು ಸುದ್ದಿತಾಣಗಳು ಪುಟದ ನೆತ್ತಿಯಲ್ಲಿ ಇವತ್ತಿನ ದಿನಾಂಕ ತೋರಿಸುತ್ತವೆ. ಅದು ಗೋಡೆಯ ಕ್ಯಾಲೆಂಡರ್ ಇದ್ದಂತೆ, ಸುದ್ದಿಯ ದಿನಾಂಕವಲ್ಲ.

ಲಿಂಕ್ ತೆರೆಯದಿದ್ದರೆ?

ಲಿಂಕ್ ಎಂದರೆ ಸುದ್ದಿಯಲ್ಲ, ಸುದ್ದಿ ಇರುವ ಮನೆಯ ವಿಳಾಸ. ಮನೆ ಬದಲಿಸಿದವರು ಅಂಚೆಯಣ್ಣನಿಗೆ ಹೊಸ ವಿಳಾಸ ಕೊಡದಿದ್ದರೆ ಕಾಗದ ವಾಪಸು ಹೋಗುತ್ತದೆ. ‘404’ ಎಂಬ ಸಂದೇಶದ ಅರ್ಥವೂ ಇಷ್ಟೇ: ಈ ವಿಳಾಸದಲ್ಲಿ ಪುಟ ಸಿಗುತ್ತಿಲ್ಲ.

ನಮ್ಮಲ್ಲೇ ಉದಾಹರಣೆಗಳಿವೆ. ಕರ್ನಾಟಕ ಸರ್ಕಾರದ ಎಷ್ಟೋ ಇಲಾಖೆಗಳ ತಾಣಗಳು ಮೊದಲು ‘ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್’ ಎಂಬ ವಿಳಾಸದಲ್ಲಿದ್ದವು, ನಂತರ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ಗೆ ಬಂದವು. ಕನ್ನಡದ ಜ್ಞಾನಕೋಶ ‘ಕಣಜ’ವೂ ಹೀಗೆಯೇ ವಿಳಾಸ ಬದಲಿಸಿತು. ಇಂಥ ಬದಲಾವಣೆಯಾದಾಗ ಹಳೆ ವಿಳಾಸದಿಂದ ಹೊಸದಕ್ಕೆ ದಾರಿ ಹಾಕದಿದ್ದರೆ, ಹಳೆ ಫಾರ್ವರ್ಡ್‌ಗಳಲ್ಲಿರುವ ಲಿಂಕ್‌ಗಳು ಸತ್ತುಹೋಗುತ್ತವೆ.

ಇದು ಜಗತ್ತಿನ ಎಲ್ಲೆಡೆಯ ಸಮಸ್ಯೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ. ಬೇಕೆಂದೇ ಪುಟ ತೆಗೆದುಹಾಕುವುದೂ ಉಂಟು. ಆದರೆ ‘404’ ಎಂಬುದೊಂದೇ ಅದಕ್ಕೆ ಸಾಕ್ಷಿಯಾಗದು.

ತಿದ್ದಿದ ಮೇಲೂ ಹಳೆ ಶೀರ್ಷಿಕೆಯೇ ಏಕೆ ಕಾಣುತ್ತದೆ?

ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಹಾಕಿದಾಗ ಬರುವ ಚಿಕ್ಕ ಚಿತ್ರ ಮತ್ತು ಶೀರ್ಷಿಕೆ ತಯಾರಾಗುವುದು ಕಳಿಸುವವರ ಫೋನಿನಲ್ಲಿ. ಅದು ಸಂದೇಶದ ಜೊತೆಗೇ ಸಾಗುತ್ತದೆ. ಮೂಲ ತಾಣದವರು ಆಮೇಲೆ ಶೀರ್ಷಿಕೆ ತಿದ್ದಿದರೂ ಫಾರ್ವರ್ಡ್ ಆಗುತ್ತಿರುವ ಸಂದೇಶದಲ್ಲಿ ಹಳೆಯದೇ ಇರುತ್ತದೆ. ಹಾಗೆಯೇ ನಿಮ್ಮ ಬ್ರೌಸರ್ ಡೇಟಾ ಉಳಿಸಲು ಪುಟದ ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಂಡಿರಬಹುದು. ಈ ಪ್ರತಿಗೆ ಕ್ಯಾಶ್ ಎನ್ನುತ್ತಾರೆ. ಆಗ ಒಂದೇ ಲಿಂಕ್ ಇಬ್ಬರಿಗೆ ಎರಡು ರೀತಿ ಕಾಣುತ್ತದೆ. ಇದರಲ್ಲಿ ಹ್ಯಾಕಿಂಗ್ ಏನೂ ಇಲ್ಲ.

ಫಾರ್ವರ್ಡ್ ಮಾಡುವ ಮೊದಲು

1. ಶೀರ್ಷಿಕೆಯ ಚಿತ್ರ ನೋಡಿ ನಿಲ್ಲಬೇಡಿ, ಲಿಂಕ್ ತೆರೆದು ಓದಿ.

2. ಲಿಂಕಿನ ವಿಳಾಸವನ್ನೇ ಓದಿ. ಬ್ಲಾಗರ್‌ನ ಬರಹಗಳ ವಿಳಾಸದಲ್ಲಿ, ಬೇರೆ ಎಷ್ಟೋ ತಾಣಗಳಲ್ಲೂ, ವರ್ಷ ಮತ್ತು ತಿಂಗಳು ಇರುತ್ತವೆ. ಪುಟದ ಮೇಲೆ ಕಳೆದ ವಾರದ ದಿನಾಂಕವಿದ್ದು ವಿಳಾಸದಲ್ಲಿ 2013 ಎಂದಿದ್ದರೆ, ವಿಳಾಸದ ಕಡೆಗೇ ಹೆಚ್ಚು ಗಮನ ಕೊಡಿ.

3. ಬರಹದೊಳಗೆ ಕಾಲದ ಸುಳಿವು ಹುಡುಕಿ. ಮಂತ್ರಿ, ಜಿಲ್ಲಾಧಿಕಾರಿ ಎಂದು ಯಾರ ಹೆಸರಿದೆ? ಅವರು ಈಗಲೂ ಆ ಹುದ್ದೆಯಲ್ಲಿದ್ದಾರೆಯೇ?

4. ಪುಟ ಹಳೆಯದೆನಿಸಿದರೆ ರಿಫ್ರೆಶ್ ಮಾಡಿ, ಇಲ್ಲವೇ ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ.

5. ಲಿಂಕ್ ಸತ್ತಿದ್ದರೆ ಶೀರ್ಷಿಕೆಯ ನಾಲ್ಕು ಪದ ಹಾಕಿ ಗೂಗಲ್‌ನಲ್ಲಿ ಹುಡುಕಿ. ಅದೇ ಬರಹ ಹೊಸ ವಿಳಾಸದಲ್ಲಿ ಸಿಗಬಹುದು. ಸಿಗದಿದ್ದರೆ ಇಂಟರ್ನೆಟ್ ಆರ್ಕೈವ್‌ನವರ ‘ವೇಬ್ಯಾಕ್ ಮಷಿನ್’ನಲ್ಲಿ ಹಳೆ ಲಿಂಕ್ ಹಾಕಿ. ಪ್ರತಿ ಇದ್ದರೆ ಅದನ್ನು ಉಳಿಸಿದ ದಿನಾಂಕವೂ ಕಾಣುತ್ತದೆ.

ನೀವೇ ಊರಿನ ಸುದ್ದಿಯ ಬ್ಲಾಗ್ ಅಥವಾ ತಾಣ ನಡೆಸುತ್ತಿದ್ದರೆ ಥೀಮ್ ಬದಲಿಸಿದ ದಿನ ಹಳೆ ಬರಹಗಳನ್ನೂ ತೆರೆದು ನೋಡಿ. ಪ್ರಕಟವಾದ ದಿನಾಂಕ ಕಾಣುತ್ತಿದೆಯೇ? ತಿದ್ದಿದ ದಿನಾಂಕವನ್ನು ‘ತಿದ್ದಿದ್ದು’ ಎಂದೇ ಬರೆದಿದೆಯೇ? ವಿಳಾಸದ ಮಾದರಿ ಬದಲಿಸಿದ್ದರೆ ಹಳೆ ಲಿಂಕಿನಿಂದ ಹೊಸದಕ್ಕೆ ದಾರಿ ಹಾಕಿ. ಬೇರೆಯವರ ಫೋನುಗಳಲ್ಲಿ ಆ ಹಳೆ ಲಿಂಕ್ ಇನ್ನೂ ಓಡಾಡುತ್ತಿರುತ್ತದೆ.

ಓದುಗರು ಮಾಡಬಹುದಾದ ಸುಲಭದ ಕೆಲಸ ಒಂದಿದೆ. ಹಳೆ ಸುದ್ದಿ ಕಳಿಸಲೇಬೇಕೆನಿಸಿದರೆ ಲಿಂಕಿನ ಮೇಲೆ ‘ಇದು 2013ರ ಸುದ್ದಿ’ ಎಂದು ಒಂದು ಸಾಲು ಸೇರಿಸಿ ಕಳಿಸಿ.