ಮದುವೆಗೆ ಯಾವ ಮುತ್ತಿನ ಹಾರ?

ಮಗಳ ಮದುವೆಗೆ ಮುತ್ತಿನ ಹಾರ ಕೊಳ್ಳಹೊರಟ ಯಶವಂತಪುರದ ಓದುಗರೊಬ್ಬರ ಪ್ರಶ್ನೆ: ‘ಕಲ್ಚರ್ಡ್ ಅಂದರೆ ನಕಲಿಯೇ?’

ಅಲ್ಲ. ಚಿಪ್ಪಿನ ಜೀವಿಯೇ ಹೆತ್ತ ಮುತ್ತು ಅದು. ಮನುಷ್ಯ ಒಳಗೊಂದು ಬೀಜ ಇಟ್ಟಿರುತ್ತಾನೆ, ಅಷ್ಟೇ. ಜಪಾನಿನ ಮಿಕಿಮೊಟೊ 1893ರಲ್ಲಿ ಅರೆಗೋಲದ ಮುತ್ತು ಬೆಳೆಸಿದ. ಭಾರತದಲ್ಲಿ ತೂತ್ತುಕುಡಿಯ ವಿಜ್ಞಾನಿಗಳು 1973ರಲ್ಲಿ ಮುತ್ತು ಬೆಳೆಸುವುದರಲ್ಲಿ ಗೆದ್ದರು.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಚೀನಾದ ಸಿಹಿನೀರಿನ ಮುತ್ತು. ಬಹುಪಾಲು ಇವುಗಳಲ್ಲಿ ಮಣಿಯ ತಿರುಳಿಲ್ಲ, ಬರೀ ಮುತ್ತಿನ ಪದರ. ಆಕಾರ ಕೊಂಚ ಅಂಕುಡೊಂಕು, ಬೆಲೆ ಕಡಿಮೆ. ಜಪಾನಿನ ಅಕೋಯಾ ಕನ್ನಡಿಯಂತೆ ಹೊಳೆಯುತ್ತದೆ, ದುಂಡಗಿರುತ್ತದೆ. ಆದರೆ ಒಳಗಿನ ಮಣಿಯ ಮೇಲಿನ ಪದರ ತೆಳು. ಸೌತ್ ಸೀ ಮುತ್ತು ದೊಡ್ಡದು, ದುಬಾರಿ. ಟಹೀಟಿಯದು ಕಪ್ಪು ಛಾಯೆಯದು, ಮುಹೂರ್ತಕ್ಕಿಂತ ಆರತಕ್ಷತೆಗೆ ಒಪ್ಪೀತು.

ಜರಿಸೀರೆ, ಚಿನ್ನದ ಸರಗಳ ನಡುವೆ ಮುತ್ತು ಕಳೆದುಹೋಗುವುದೇ ಹೆಚ್ಚು. ಹಾಗಾಗಿ ಎರಡು-ಮೂರು ಎಳೆಯ ಸಿಹಿನೀರಿನ ಹಾರವೇ ಜಾಣ ಆಯ್ಕೆ. ಕೈಬಿಗಿ ಇಲ್ಲದವರಿಗೆ ಅಕೋಯಾ.

ಮುತ್ತನ್ನು ಹಲ್ಲಿನ ತುದಿಗೆ ಮೆಲ್ಲಗೆ ಉಜ್ಜಿದರೆ ನವಿರಾದ ಮರಳಿನಂತೆ ತಾಕಬೇಕು. ಗಾಜಿನಂತೆ ಜಾರಿದರೆ ಅನುಮಾನಿಸಿ. ಪ್ರತಿ ಮುತ್ತಿನ ನಡುವೆ ರೇಷ್ಮೆ ದಾರದ ಗಂಟಿರಲಿ. ದಾರ ಹರಿದರೂ ಮುತ್ತುಗಳು ಮಂಟಪದ ತುಂಬ ಉರುಳುವುದಿಲ್ಲ. ಸೆಂಟು, ಹೇರ್ ಸ್ಪ್ರೇ ಎಲ್ಲ ಮುಗಿದ ಮೇಲೆ ಹಾರ ಕೊರಳಿಗೆ. ಕಳಚಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಚಿನ್ನದ ಜೊತೆ ಬೆರೆಸದೆ ಬೇರೆ ಡಬ್ಬಿಗೆ.