ಮರೆವಿನ ಮನೆಯಲ್ಲಿ ಸುಖದ ಅಳತೆ

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರಿನ ಗದ್ದೆಗಿಳಿವ ನೀರನ್ನೂ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಿಂದೇಳುವ ಚಿನ್ನವನ್ನೂ ಕರಾರುವಾಕ್ಕಾಗಿ ಅಳೆಯಬಲ್ಲ ಈ ಸೀಮೆಯಲ್ಲಿ, ಡಿಮೆನ್ಷಿಯಾದಿಂದ ಮಗನ ಹೆಸರನ್ನೇ ಮರೆತು ವೃದ್ಧಾಶ್ರಮ ಸೇರಿದ ಮುತ್ಯಾನ ಸುಖವನ್ನು ಅಳೆಯುವುದೆಂತು?

ಅಮೆರಿಕದ ರೆಬೆಕಾ ಲಾಗ್ಸ್‌ಡನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು, ದೇಹಾರೋಗ್ಯ, ಮನಃಸ್ಥಿತಿ, ಸ್ಮರಣೆ, ಬಂಧುಬಳಗ, ಹಣಕಾಸು ಮೊದಲಾದ 13 ವಿಷಯಗಳನ್ನು ರೋಗಿಯ ಬಾಯಿಂದಲೇ ಕೇಳಿ, ಒಂದೊಂದಕ್ಕೂ 1ರಿಂದ 4ರವರೆಗೆ ಅಂಕವೀಯುವುದು. ಆರೈಕೆಯವರನ್ನೂ ಪ್ರತ್ಯೇಕವಾಗಿ ಕೇಳುವರು. ಅವರೀವ ಅಂಕವಾದರೋ ರೋಗಿಯು ತನಗೆ ತಾನೇ ಕೊಟ್ಟುಕೊಂಡುದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಪರರ ದುಃಖವನ್ನು ಹೊರಗಿನಿಂದ ಹಿಗ್ಗಿಸಿ ಕಾಣುವುದು ನಮ್ಮ ಸ್ವಭಾವವೋ ಏನೋ!

ಮಾತೇ ಅಡಗಿದವರಿಗೆ ಬ್ರಿಟನ್ನಿನ ಬ್ರಾಡ್‌ಫರ್ಡ್‌ನಲ್ಲಿ ಟಾಮ್ ಕಿಟ್‌ವುಡ್ ಮತ್ತು ಕ್ಯಾಥ್ಲೀನ್ ಬ್ರೆಡಿನ್ ರೂಪಿಸಿದ ಬೇರೊಂದು ಕ್ರಮವುಂಟು: ತರಬೇತಾದ ವೀಕ್ಷಕನು ಗಂಟೆಗಟ್ಟಲೆ ಕುಳಿತು, ಐದೈದು ನಿಮಿಷಕ್ಕೊಮ್ಮೆ ಆ ಜೀವವು ಏನು ಮಾಡುತ್ತಿದೆ, ಉಲ್ಲಾಸದಲ್ಲಿದೆಯೋ ಖಿನ್ನವಾಗಿದೆಯೋ ಎಂದು ಬರೆದುಕೊಳ್ಳುವನು.

ಈ ವಿಧಾನಗಳನ್ನು ಮಸ್ಕಿಯ ಕಡೆಗೆ ತರುವುದಾದರೆ ಪ್ರಶ್ನೆಯು ಪುಸ್ತಕದ ಕನ್ನಡದಲ್ಲಿರದೆ 'ಹ್ಯಾಂಗದೀರಿ' ಎಂದೇ ಮೊದಲಾಗಬೇಕು. ಪಿಂಚಣಿಯ ಹಣವನ್ನು ಮಗನ ಕೈಗಿತ್ತವಳಿಗೆ ಹಣಕಾಸಿನ ಪ್ರಶ್ನೆ ಹಾಕುವುದಕ್ಕಿಂತ, ರೊಟ್ಟಿ ಬಡಿಯುವ ಸಪ್ಪಳಕ್ಕೆ ಆಕೆಯ ಕೈ ತಾನಾಗಿ ಆಡಿತೇ ಎಂಬುದನ್ನು ಪಟ್ಟಿಗೆ ಸೇರಿಸುವುದು ಯುಕ್ತ.