ಗದ್ದಲದಲ್ಲಿ ಮುಳುಗುವ ಮಾತು

ಕಾವೇರಿಯ ದಡದ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆ ನೆರೆದಾಗ ದನಗಳ ವ್ಯಾಪಾರವೂ ಭರದಿಂದ ಸಾಗುತ್ತದೆ. ಅಂಥಲ್ಲಿ ಕಿವಿಯ ಬಳಿಯೇ ತಮಟೆ ಬಡಿಯುತ್ತಿದ್ದರೆ ಹತ್ತು ಮಾರು ದೂರದಿಂದ ಕೂಗಿದವರ ಮಾತು ಕೇಳಿಸದು. ಕೂಗಿದವರ ಕಂಠವೇನೂ ಸೋತಿಲ್ಲ. ಹತ್ತಿರದ ಸದ್ದು ಅದನ್ನು ನುಂಗಿದೆ. ಮೊಬೈಲ್ ಫೋನಿನ ಅಲೆಗಳಿಗೂ ಇದೇ ಗತಿ ಒದಗಬಹುದು. ಬೇಕೆಂದೇ ಹೀಗೆ ಮಾಡುವ ಯಂತ್ರಕ್ಕೆ ಜಾಮರ್ ಎಂದು ಹೆಸರು.

ಬಟ್ಟಬಯಲಿನಲ್ಲಿ ಕೂಡ, ಟವರಿನಿಂದ ಇರುವ ದೂರ ಇಮ್ಮಡಿಯಾದರೆ ಅಲೆಯ ಬಲ ಕಾಲುಪಾಲಿಗೆ ಇಳಿಯುತ್ತದೆ. ಗುಡ್ಡ, ಗೋಡೆಗಳು ಅಡ್ಡವಾದರೆ ಇನ್ನೂ ಕುಗ್ಗುತ್ತದೆ. ಆದ್ದರಿಂದ ಸಮೀಪದ ಸಣ್ಣ ಯಂತ್ರವೂ ದೂರದ ದೊಡ್ಡ ಟವರನ್ನು ಸೋಲಿಸಬಲ್ಲದು. ಇನ್ನೊಂದು ದೌರ್ಬಲ್ಯವೂ ಉಂಟು. ಫೋನು ಮೊದಲು ಟವರಿನ ಗುರುತಿನ ಸಂಕೇತವನ್ನು ಆಲಿಸಿ, ಅದರೊಡನೆ ತಾಳ ಹೊಂದಿಸಿಕೊಳ್ಳಬೇಕು. ಅದೇ ಕೇಳದಿದ್ದರೆ ಸಂಪರ್ಕವೇ ಏರ್ಪಡದು. ಗುಪ್ತಲಿಪಿಯು ಮಾತನ್ನು ಕದ್ದು ಕೇಳುವವರಿಂದ ಕಾಯುತ್ತದೆಯೇ ಹೊರತು ಗದ್ದಲವನ್ನು ತಡೆಯಲಾರದು.

ಬೆಂಗಳೂರಿನ ಪರಪ್ಪನ ಅಗ್ರಹಾರದ ಸೆರೆಮನೆಯಲ್ಲಿ ಕೈದಿಗಳ ಕಳ್ಳ ಕರೆಗಳನ್ನು ತಡೆಯಲು ಜಾಮರುಗಳನ್ನು ಹೂಡಿದಾಗ, ತಮ್ಮ ಫೋನುಗಳೂ ಮೂಕವಾದವೆಂದು ಸುತ್ತಲಿನ ನಿವಾಸಿಗಳು ದೂರಿತ್ತರು. ಅಲೆಗೆ ಗೋಡೆಯ ಗಡಿ ತಿಳಿಯದು. ಸರ್ಕಾರದ ಅನುಮತಿಯಿಲ್ಲದೆ ಜಾಮರ್ ಬಳಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ.

ಜಾಮರು ತಾನೂ ಅಲೆ ಸೂಸಲೇಬೇಕಾದುದರಿಂದ, ಬಂದ ದಿಕ್ಕನ್ನು ಎರಡು ಮೂರು ಕಡೆಯಿಂದ ಅಳೆದು ಅದನ್ನು ಪತ್ತೆಹಚ್ಚಬಹುದು. ಆದರೆ ಅದಕ್ಕೆ ಸಮಯ ಬೇಕು. ನದಿಯ ಸುಳಿಗೆ ಸಿಕ್ಕವರಿಗಾಗಿ 112ಕ್ಕೆ ಮಾಡುವ ಕರೆ ಅಷ್ಟು ಕಾಯಲಾರದು. ಆದಕಾರಣ ಸಾವಿರಾರು ಜನ ಸೇರುವೆಡೆ ತಂತಿಯ ದೂರವಾಣಿಯೊಂದು, ಬೇರೆ ತರಂಗಾಂತರದ ವೈರ್‌ಲೆಸ್ಸೊಂದು ಇರಿಸಿಕೊಳ್ಳುವುದು ವಿವೇಕ. ಒಂದೇ ದಾರಿಯನ್ನು ನಂಬಿದವರಿಗೆ ಅದು ಮುಚ್ಚಿದ ಗಳಿಗೆಯಲ್ಲಿ ಗತಿಯಿರದು.